ಲಟಕ್ ಅಂದದ್ದು ಮೂಳೆಯಲ್ಲ

ಪ್ರಶ್ನೆ: ಮಗ ಟೆಕ್ಸಾಸ್‌ನಲ್ಲಿದ್ದಾನೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಸೊಂಟ ಹಿಡಿದುಕೊಂಡಿದೆ. ಅಲ್ಲಿನ ಕೈರೋಪ್ರಾಕ್ಟರ್ (ಬೆನ್ನುಮೂಳೆಯನ್ನು ಕೈಯಿಂದ ಒತ್ತಿ, ತಿರುಗಿಸಿ ಚಿಕಿತ್ಸೆ ಕೊಡುವವರು) ಒಬ್ಬರು ಮೊದಲ ದಿನವೇ ಎಕ್ಸ್‌ರೇ ತೆಗೆದು, ಬೆನ್ನುಮೂಳೆ ಜಾಗ ತಪ್ಪಿದೆ, ವಾರಕ್ಕೆ ಮೂರು ಸಲದಂತೆ ಆರು ತಿಂಗಳ ಪ್ಯಾಕೇಜ್ ತಗೊಳ್ಳಿ ಅಂದರಂತೆ. ಅವನ ಅಸ್ತಮಾ ಕೂಡ ವಾಸಿಯಾಗುತ್ತದಂತೆ. ಇವರು ನಿಜವಾದ ಡಾಕ್ಟರಾ?
– ಓದುಗರು, ದಾವಣಗೆರೆ

ಉತ್ತರ: ಹೆಸರಿನ ಮುಂದೆ ಡಾಕ್ಟರ್ ಅಂತ ಇರುತ್ತದಮ್ಮ, ಆದರೆ ಎಂ.ಡಿ. ಅಲ್ಲ. ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್ ಅನ್ನೋದು ಬೇರೆಯೇ ಪದವಿ. ಸುಮಾರು ನಾಲ್ಕು ವರ್ಷ ಓದಿ, ಪರೀಕ್ಷೆ ಪಾಸಾಗಿ, ರಾಜ್ಯದ ಲೈಸೆನ್ಸ್ ಪಡೆಯಬೇಕು. ಹಾಗಾಗಿ ನಕಲಿ ಅನ್ನುವ ಹಾಗಿಲ್ಲ. ಆದರೆ ಒಂದೇ ಬೋರ್ಡಿನ ಕೆಳಗೆ ಅಲ್ಲಿ ಎರಡು ಥರದ ಕಸುಬು ನಡೆಯುತ್ತದೆ. ನಿಮ್ಮ ಮಗ ಯಾವುದರ ಬಾಗಿಲು ತಟ್ಟಿದ್ದಾನೆ ಅನ್ನೋದು ಮುಖ್ಯ.

ಇದು ಶುರುವಾದದ್ದು 1895ರಲ್ಲಿ, ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಲ್ಲಿ. ಡಿ.ಡಿ. ಪಾಮರ್ ಅಂತ ಒಬ್ಬರು, ಕೈಯಿಟ್ಟು ‘ಕಾಂತಶಕ್ತಿ’ಯಿಂದ ಗುಣಪಡಿಸುತ್ತೇನೆ ಅನ್ನುವ ಚಿಕಿತ್ಸೆ ಮಾಡಿಕೊಂಡಿದ್ದವರು. ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದ ಹಾರ್ವಿ ಲಿಲರ್ಡ್‌ಗೆ 17 ವರ್ಷದಿಂದ ಕಿವಿ ಕೇಳಿಸುತ್ತಿರಲಿಲ್ಲ. ಬಗ್ಗಿ ಕೆಲಸ ಮಾಡುವಾಗ ಬೆನ್ನಲ್ಲಿ ಏನೋ ಕಳಚಿದ ಹಾಗಾಯ್ತು, ಆಮೇಲೆ ಕಿವಿ ಹೋಯ್ತು ಅಂದನಂತೆ. ಪಾಮರ್ ಬೆನ್ನು ತಡವಿ ನೋಡಿದರು, ಉಬ್ಬಿದ ಒಂದು ಮೂಳೆಯನ್ನು ಒತ್ತಿದರು, ಕಿವಿ ಬಂತು. ಪಾಮರ್ ಹೇಳಿದ ಕಥೆ ಇದು. ಕಿವಿಯ ನರ ಬೆನ್ನುಮೂಳೆಯೊಳಗೆ ಇಳಿಯುವುದೇ ಇಲ್ಲ, ತಲೆಬುರುಡೆಯಲ್ಲೇ ಮುಗಿಯುತ್ತದೆ ಅನ್ನೋದು ವೈದ್ಯರ ಹಳೇ ತಕರಾರು.

ಅಲ್ಲಿಂದ ಪಾಮರ್ ಒಂದು ತತ್ವವನ್ನೇ ಕಟ್ಟಿದರು. ದೇಹದೊಳಗೊಂದು ಹುಟ್ಟರಿವು ಇದೆ, ಅದು ನರಗಳ ಮೂಲಕ ಹರಿದು ಮೈಯನ್ನೆಲ್ಲ ನಡೆಸುತ್ತದೆ, ಬೆನ್ನಿನ ಮೂಳೆ ಸ್ವಲ್ಪ ಜರುಗಿ ನರ ಒತ್ತಿದರೆ ಕಾಯಿಲೆ ಬರುತ್ತದೆ ಅಂತ. ಜರುಗಿದ್ದಕ್ಕೆ ಸಬ್‌ಲಕ್ಸೇಶನ್ ಅಂತಾರೆ. ಇದನ್ನು ಅಕ್ಷರಶಃ ನಂಬುವವರು ‘ಸ್ಟ್ರೇಟ್’ ಗುಂಪು. ಬೆನ್ನು ಒತ್ತಿದರೆ ಅಸ್ತಮಾ ವಾಸಿ ಅನ್ನುವ ಮಾತು ಈ ಧಾಟಿಯದೇ. ವ್ಯಾಯಾಮ, ಬೇರೆ ಉಪಚಾರ ಎಲ್ಲ ಸೇರಿಸಿಕೊಳ್ಳುವವರು ‘ಮಿಕ್ಸರ್’. ನೂರು ವರ್ಷದ ಒಳಜಗಳ ಇದು. ಬ್ರಿಟನ್‌ನಲ್ಲಿ ಕೈರೋಪ್ರಾಕ್ಟರ್‌ಗಳದೇ ನಿಯಂತ್ರಣ ಮಂಡಳಿ 2010ರಲ್ಲಿ, ಸಬ್‌ಲಕ್ಸೇಶನ್‌ನಿಂದ ರೋಗ ಬರುತ್ತದೆ ಅನ್ನಲು ಸಂಶೋಧನೆಯ ಆಧಾರ ಇಲ್ಲ ಎಂದು ಹೇಳಿಬಿಟ್ಟಿತು. ಸೊಂಟನೋವಿನ ಮಾತು ಬೇರೆ. ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಅನ್ನುವ ವೈದ್ಯರ ಸಂಘ 2017ರಲ್ಲಿ, ಮಾತ್ರೆಗಿಂತ ಮೊದಲು ನೋಡಬಹುದಾದ ಉಪಾಯಗಳಲ್ಲಿ ಬಿಸಿ ಶಾಖ, ಮಸಾಜ್ ಜೊತೆ ಬೆನ್ನುಮೂಳೆ ಒತ್ತುವ ಈ ಚಿಕಿತ್ಸೆಯನ್ನೂ ಸೇರಿಸಿದೆ. ಪುರಾವೆ ಅಷ್ಟೇನೂ ಗಟ್ಟಿಯಿಲ್ಲ ಅಂತಲೂ ಬರೆದಿದೆ.

ಹಾಗಾಗಿ ಮಗನಿಗೆ ಹೇಳಿ: ಸೊಂಟಕ್ಕೆ ಕೆಲವು ವಾರ ನೋಡಲಿ. ಕಡಿಮೆಯಾಗದಿದ್ದರೆ ಬಿಡಲಿ. ಆರು ತಿಂಗಳ ದುಡ್ಡು ಮುಂಗಡ ಕಟ್ಟೋದು ಬೇಡ. ಅಸ್ತಮಾದ ಇನ್‌ಹೇಲರ್ ಮಾತ್ರ ಯಾರು ಹೇಳಿದರೂ ನಿಲ್ಲಿಸಬಾರದು.

ಪ್ರಶ್ನೆ: ಒತ್ತಿದಾಗ ಲಟಕ್ ಅನ್ನುತ್ತದಲ್ಲ, ಮೂಳೆ ಜಾಗಕ್ಕೆ ಕೂತ ಸದ್ದಾ?
– ಓದುಗರು, ಹಾಸನ

ಉತ್ತರ: ಅಲ್ಲ. ಬೆರಳಿನ ನಟಿಕೆ ಮುರಿದಾಗ ಬರುವ ಸದ್ದೇ ಅದು. ಕೀಲಿನೊಳಗಿನ ದ್ರವದ ಒತ್ತಡ ಫಕ್ಕನೆ ಇಳಿದು ಗಾಳಿಗುಳ್ಳೆಯಂಥದ್ದು ಹುಟ್ಟುತ್ತದೆ. ಸದ್ದು ಬಂತು ಅಂದ ಮಾತ್ರಕ್ಕೆ ಗುಣ ಆಯ್ತು ಅಂತಲ್ಲ, ಬರಲಿಲ್ಲ ಅಂದರೆ ಕೆಟ್ಟಿತು ಅಂತಲೂ ಅಲ್ಲ.

ಪ್ರಶ್ನೆ: ಅಲೋಪಥಿ ಡಾಕ್ಟರುಗಳು ಹೊಟ್ಟೆಕಿಚ್ಚಿಗೆ ಇದನ್ನು ಬೈಯುತ್ತಾರೆ ಅನ್ನೋದು ನಿಜವೇ?
– ಓದುಗರು, ಧಾರವಾಡ

ಉತ್ತರ: ಸ್ವಲ್ಪ ನಿಜ! 1906ರಲ್ಲಿ ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ್ದಕ್ಕೆ ಪಾಮರ್ ಜೈಲಿಗೇ ಹೋದರು. ಅಮೆರಿಕದಲ್ಲಿ ಲೈಸೆನ್ಸ್ ಕೊಡುವ ಕಾನೂನು ಮೊದಲು ಮಾಡಿದ ರಾಜ್ಯ ಕನ್ಸಾಸ್, 1913ರಲ್ಲಿ. ಕೊನೆಯದು ಲೂಯಿಸಿಯಾನಾ, 1974ರಲ್ಲಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತನ್ನ ಸದಸ್ಯರಿಗೆ ಇವರ ಸಹವಾಸವೇ ಬೇಡ ಅಂದಿತ್ತು. ಚೆಸ್ಟರ್ ವಿಲ್ಕ್ ಎಂಬ ಕೈರೋಪ್ರಾಕ್ಟರ್ ಮತ್ತು ಜೊತೆಗಾರರು 1976ರಲ್ಲಿ ಅದರ ಮೇಲೆ ಕೇಸು ಹಾಕಿದರು, 1987ರಲ್ಲಿ ಗೆದ್ದರು. ಆದರೆ ಅದು ಕಸುಬಿನ ಪೈಪೋಟಿಯ ಕೇಸು. ಚಿಕಿತ್ಸೆಗೆ ಸಿಕ್ಕ ಸರ್ಟಿಫಿಕೇಟ್ ಅಂತ ತೋರಿಸಿದರೆ ನಂಬಬೇಡಿ.

ಪ್ರಶ್ನೆ: ವಿಡಿಯೋ ನೋಡಿ ಆಸೆಯಾಗಿದೆ. ಬೆಂಗಳೂರಲ್ಲಿ ಕತ್ತು ತಿರುಗಿಸಿಕೊಳ್ಳಲಾ?
– ಓದುಗರು, ವಿಜಯನಗರ

ಉತ್ತರ: ಸುಮ್ನೆ ಆಸೆಗೆ ಬೇಡ ಮಾರಾಯ್ರೆ. ಮೆದುಳಿಗೆ ಹೋಗುವ ಎರಡು ರಕ್ತನಾಳಗಳು ಕತ್ತಿನ ಮೂಳೆಗಳ ತೂತಿನೊಳಗೇ ಹಾದು ಹೋಗುತ್ತವೆ. ಜೋರಾಗಿ ತಿರುವಿದಾಗ ಅವುಗಳ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳು ದಾಖಲಾಗಿವೆ. ತೀರಾ ಅಪರೂಪ, ಆದರೆ ಆದವರಿಗೆ ಅದು ಜೀವನಪೂರ್ತಿ. ನಮ್ಮಲ್ಲಿ ಇದಕ್ಕೆ ಅಂತಲೇ ಕಾನೂನಿನ ಮಂಡಳಿಯೂ ಇಲ್ಲ, ಅಂದರೆ ಬೋರ್ಡ್ ಹಾಕಿದವರ ಪದವಿ ಎಲ್ಲಿಯದು ಅಂತ ನೀವೇ ಕೇಳಬೇಕು. ಕೈಕಾಲು ಜೋಮು, ಮೂತ್ರ ಹಿಡಿತ ತಪ್ಪೋದು, ಬಿದ್ದ ಪೆಟ್ಟು, ಸವೆದ ಮೂಳೆ ಇದ್ದರೆ ಸೀದಾ ಆಸ್ಪತ್ರೆಗೆ ಹೋಗಿ. ಬರೀ ಬಿಗಿತ ಇದ್ದರೆ ಫಿಸಿಯೋಥೆರಪಿಸ್ಟ್ ಸಾಕು. ಕೈರೋಪ್ರಾಕ್ಟರ್ ಹತ್ತಿರ ಹೋದ ಮೇಲೂ ಕತ್ತು ಬೇಡ, ಬೆನ್ನಷ್ಟೇ ನೋಡಿ ಅಂತ ಹೇಳಬಹುದು. ಅದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.