ಆ್ಯರೋ ಹಡಗಿನ ನೋಂದಣಿ ಬಗ್ಗೆ

ಚೀನೀಯರ 'ಆ್ಯರೋ' ಹಡಗಿಗೆ ಬ್ರಿಟಿಷ್ ಬಾವುಟ ಹೇಗೆ ಬಂತು ಅಂತ ಕೇಳಿದ್ದೀರಿ. ಹಾಂಗ್‌ಕಾಂಗ್‌ನ ಬ್ರಿಟಿಷ್ ಸರ್ಕಾರ 1855ರಲ್ಲಿ ನಿಯಮ ಬದಲಿಸಿತು. ಅಲ್ಲಿ ಸರ್ಕಾರಿ ಜಾಗ ಗುತ್ತಿಗೆಗೆ ಪಡೆದ ಚೀನೀ ನಿವಾಸಿಗಳೂ ಹಡಗು ನೋಂದಾಯಿಸಬಹುದಾಯಿತು. ಆದರೆ ವರ್ಷ ವರ್ಷವೂ ನವೀಕರಿಸಬೇಕಿತ್ತು. ಎಡವಟ್ಟಾಗಿದ್ದು ಇಲ್ಲೇ.

'ಆ್ಯರೋ' ಹಡಗಿನ ನೋಂದಣಿ 1856ರ ಸೆಪ್ಟೆಂಬರ್ 27ಕ್ಕೇ ಮುಗಿದಿತ್ತು. ಅಕ್ಟೋಬರ್ 8ರಂದು ಚೀನಾದ ಬಂದರು ನಗರ ಕ್ಯಾಂಟನ್‌ನಲ್ಲಿ ಚೀನೀ ಅಧಿಕಾರಿಗಳು ಹಡಗು ಹತ್ತಿ 12 ನಾವಿಕರನ್ನು ಹಿಡಿದರು. ಬಾವುಟ ಕೆಳಗಿಳಿಸಿ ಅವಮಾನ ಮಾಡಿದರು ಎಂದು ಅಲ್ಲಿನ ಬ್ರಿಟಿಷ್ ಪ್ರತಿನಿಧಿ (ಕಾನ್ಸುಲ್) ಪಾರ್ಕ್ಸ್ ಪಟ್ಟು ಹಿಡಿದರು. ಬಾವುಟವೇ ಹಾರುತ್ತಿರಲಿಲ್ಲ ಎಂದರು ಚೀನೀಯರು. ಅವಧಿ ಮುಗಿದದ್ದು ಹಾಂಗ್‌ಕಾಂಗ್‌ನ ಗವರ್ನರ್ ಬೌರಿಂಗ್‌ಗೆ ಗೊತ್ತಿತ್ತು. ಪಾರ್ಕ್ಸ್‌ಗೆ ಬರೆದೂ ತಿಳಿಸಿದರು, ಚೀನೀಯರಿಗೆ ಮಾತ್ರ ಹೇಳಲಿಲ್ಲ. ನನಗೆ ಜಾಸ್ತಿ ಬೇಸರ ತರುವುದು ಇದೇ. ಅದೇ ತಿಂಗಳು ಕ್ಯಾಂಟನ್ ಮೇಲೆ ಬ್ರಿಟಿಷರ ಫಿರಂಗಿಗಳು ಗುಂಡು ಹಾರಿಸಿದವು. ಹೀಗೆ ಶುರುವಾದ, ಚೀನಾ ವಿರುದ್ಧದ ಎರಡನೇ ಅಫೀಮು ಯುದ್ಧ 1860ರ ತನಕ ನಡೆಯಿತು.