ಶೇವಿಂಗ್ ಸೋಪುಗಳಲ್ಲಿ ಕೊಟ್ಟ ಹಣಕ್ಕೆ ತಕ್ಕದ್ದು ಯಾವುದೆಂದು ತಿಳಿಯುವುದು ಹೇಗೆ?

ಡಬ್ಬಿಯ ಬೆಲೆಯನ್ನಷ್ಟೇ ನೋಡಿ ತೀರ್ಮಾನಿಸಬಾರದು; ಒಂದು ಸಲದ ಶೇವಿಂಗ್‌ಗೆ ಎಷ್ಟು ಖರ್ಚಾಗುತ್ತದೆ ಎಂಬುದೇ ಸರಿಯಾದ ಅಳತೆ. ಹೊಸ ಸೋಪನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಂಡು, ಇಪ್ಪತ್ತು ಸಲ ಬಳಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ತೂಗಿದರೆ ಒಮ್ಮೆಗೆ ಎಷ್ಟು ಸವೆಯುತ್ತದೆಂದು ತಿಳಿಯುತ್ತದೆ. ಉದಾಹರಣೆಗೆ, 300 ರೂಪಾಯಿಯ 100 ಗ್ರಾಂ ಸೋಪು ಪ್ರತಿ ಸಲ 0.6 ಗ್ರಾಂ ಸವೆದರೆ ಖರ್ಚು 1.80 ರೂಪಾಯಿ, 90 ರೂಪಾಯಿಯ 60 ಗ್ರಾಂ ಕ್ರೀಮು 1.5 ಗ್ರಾಂ ಬೇಡಿದರೆ 2.25 ರೂಪಾಯಿ. ಅಗ್ಗವೆನಿಸಿದ್ದೇ ಇಲ್ಲಿ ದುಬಾರಿಯಾಯಿತು.

ಆದರೆ ನೊರೆ ನಿಲ್ಲದಿದ್ದರೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಪದಾರ್ಥಗಳ ಪಟ್ಟಿಯ ಮೊದಲಲ್ಲೇ ಸ್ಟಿಯರಿಕ್ ಆಮ್ಲ ಅಥವಾ ಪೊಟ್ಯಾಸಿಯಂ ಸ್ಟಿಯರೇಟ್, ಜೊತೆಗೆ ಗ್ಲಿಸರಿನ್ ಇದ್ದರೆ ದಟ್ಟವಾದ, ಬೇಗ ಒಣಗದ ನೊರೆಯನ್ನು ನಿರೀಕ್ಷಿಸಬಹುದು. ಸ್ನಾನದ ಸೋಪಿನ ನೊರೆ ಸಾಮಾನ್ಯವಾಗಿ ಹೀಗೆ ಬಾಳುವುದಿಲ್ಲ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೊಂದು ತೊಡಕಿದೆ: ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಬೆರೆತು ಕರಗದ ಬಿಳಿ ಜಿಡ್ಡಾಗುವುದರಿಂದ, ಅದೇ ನೊರೆಗೆ ಹೆಚ್ಚು ಸೋಪು ಬೇಕಾಗುತ್ತದೆ. ಬ್ರಷ್ ನೆನೆಸಲು ಒಂದು ಲೋಟ ಆರ್‌ಒ ಫಿಲ್ಟರ್ ನೀರು ಸಾಕು, ಅದರಿಂದಲೇ ಗಣನೀಯ ಉಳಿತಾಯವಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಟರ್ಕಿಯ ಆರ್ಕೋದಂತಹ 75 ಗ್ರಾಂ ಕಡ್ಡಿ ಸೋಪುಗಳು ಒಳ್ಳೆಯ ಆಯ್ಕೆ. ಆದರೆ ಅದರಲ್ಲಿ ಪ್ರಾಣಿಜನ್ಯ ಕೊಬ್ಬಿದೆ ಎಂಬುದನ್ನು ಸಸ್ಯಾಹಾರಿಗಳು ಗಮನಿಸಬೇಕು. ಸುವಾಸನೆಗೂ ಚಂದದ ಡಬ್ಬಿಗೂ ಹೆಚ್ಚು ಹಣ ಕೊಡುವ ಮುನ್ನ ಡಬ್ಬಿಯಿಲ್ಲದ ರೀಫಿಲ್ ಸಿಗುತ್ತದೆಯೇ ಎಂದು ವಿಚಾರಿಸಿ.