ಜಿಂಕ್ ಶಾಂಪೂ ಹಾಕಿದ್ರೂ ಎರಡೇ ದಿನಕ್ಕೆ ಹೊಟ್ಟು ವಾಪಸ್ ಬರ್ತಿದ್ರೆ
ಶಾಂಪೂ ಹಚ್ಚಿದ ತಕ್ಷಣ ತೊಳೆದುಬಿಡ್ತಿದ್ರೆ ಬಹುಶಃ ಅದೇ ಕಾರಣ, ಔಷಧಿಗೆ ಕೆಲಸ ಮಾಡೋಕೆ ಟೈಮೇ ಸಿಕ್ತಿಲ್ಲ. ನಂಗೂ ಹಿಂಗೇ ಆಗ್ತಿತ್ತು. ಕೀಟೋಕೊನಜೋಲ್ 2% ಶಾಂಪೂ ತಗೊಳ್ಳಿ, ಹೊಟ್ಟು ತರೋ ಫಂಗಸ್ ಮೇಲೆ ಅದು ಜಿಂಕ್ ಶಾಂಪೂಲಿರೋ ಜಿಂಕ್ ಪೈರಿಥಿಯೋನ್‌ಗಿಂತ ಜೋರು. ವಾರಕ್ಕೆ 2 ಸಲ, ಬೆರಳಲ್ಲಿ ಕೂದಲು ಬಿಡಿಸಿ ಬೈತಲೆ ಬೈತಲೆಯಾಗಿ ಬುಡಕ್ಕೆ ತಾಗೋ ಹಾಗೆ ಹಚ್ಚಿ, 3-5 ನಿಮಿಷ ಹಾಗೇ ಬಿಟ್ಟು ಆಮೇಲೆ ತೊಳೀರಿ, 4 ವಾರ ತಪ್ಪಿಸ್ಬೇಡಿ. ಹೊಟ್ಟು ದಪ್ಪಗೆ ಅಂಟ್ಕೊಂಡಿದ್ರೆ ಮಾತ್ರ ಮೊದ್ಲು ಸ್ಯಾಲಿಸಿಲಿಕ್ ಆ್ಯಸಿಡ್ ಇರೋ ಶಾಂಪೂ ಹಾಕಿ ಸಡಿಲ ಮಾಡ್ಕೊಳ್ಳಿ. ಸೆಲೆನಿಯಂ ಸಲ್ಫೈಡ್ ಇರೋ ಶಾಂಪೂನೂ ಒಳ್ಳೇದೇ, ಆದ್ರೆ ಕೂದಲಿಗೆ ಬಣ್ಣ ಹಾಕಿದ್ರೆ ಶೇಡ್ ಕೆಡಬಹುದು. ಕಮ್ಮಿ ಆಯ್ತು ಅಂತ ಪೂರ್ತಿ ನಿಲ್ಲಿಸ್ಬೇಡಿ ಪ್ಲೀಸ್, ವಾರಕ್ಕೋ 2 ವಾರಕ್ಕೋ ಒಂದ್ಸಲ ಹಾಕ್ತಿರಿ. 4 ವಾರಕ್ಕೂ ಬಗ್ಗದಿದ್ರೆ, ಇಲ್ಲಾ ಕೆಂಪಗೆ ದಪ್ಪ ಪದರ ಎದ್ರೆ ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ.